ಕಪಾಟಿನಲ್ಲಿ ಅಮ್ಮನ ಪಾಲು 14 ಇಂಚು

ರಾತ್ರಿ ಎರಡೂ ಕಾಲಿಗೆ ನಮ್ಮ ಮನೆಯಲ್ಲಿ ‘ಧಡಾರ್’ ಅಂತ ದೊಡ್ಡ ಸದ್ದಾಯಿತು. ಕಳ್ಳ ಬಂದನೆಂದು ಅಪ್ಪ ಟಾರ್ಚ್ ಹಿಡಿದು ಎದ್ದರು. ‘ಮಾಡಿನ ಹೆಂಚು ಬಿತ್ತನಾ?’ ಎಂದು ಅಜ್ಜಿ ಮಲಗಿದಲ್ಲಿಂದಲೇ ಕೂಗಿದರು. ನಮ್ಮದು ಆರ್‌ಸಿಸಿ ಮನೆ, ಹೆಂಚೇ ಇಲ್ಲ. ಆದರೆ ಅಜ್ಜಿಯ ನಿದ್ದೆ ಇನ್ನೂ ಊರಿನ ಹಳೆಮನೆಯಲ್ಲೇ ನಡೆಯುತ್ತದೆ. ಪಿಯುಸಿ ಓದುವ ತಮ್ಮ ಮಾತ್ರ ಕಣ್ಣು ಕೂಡ ಬಿಡದೆ, ‘ಇಂಜಿನಿಯರ್ ಮೇಡಂ, ನಿಮ್ಮ ಸೇತುವೆ ಬಿತ್ತು’ ಎಂದು ಹೇಳಿ ಮಗ್ಗುಲು ಬದಲಿಸಿದ.

ಅವನು ಹೇಳಿದ್ದು ನಿಜ. ಬಿದ್ದದ್ದು ನಾನು ಆ ಸಂಜೆಯಷ್ಟೇ ಗೋಡೆ ಕಪಾಟಿನೊಳಗೆ ಕೂರಿಸಿ, ಎಲ್ಲರನ್ನೂ ಕರೆದು ತೋರಿಸಿ, ಫೋಟೊ ತೆಗೆದು ಸ್ಟೇಟಸ್ ಹಾಕಿದ್ದ ಬಟ್ಟೆ ನೇತುಹಾಕುವ ದಂಡ. ಅದರ ಜೊತೆಗೆ 18 ಬಟ್ಟೆಗಳು, ಸ್ಟೀಲಿನ ಒಂದು ಡಬ್ಬ, ಮತ್ತು ಮೆಕ್ಯಾನಿಕಲ್ ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರಿನ ನನ್ನ ಮರ್ಯಾದೆ.

ಒಂದು ಕಪಾಟಿಗಾಗಿ ಇಷ್ಟೆಲ್ಲ ರಾದ್ಧಾಂತ ಯಾಕೆ ಎಂದು ನೀವು ಕೇಳಬಹುದು. ಕಾರಣ ಒಂದು ಸೀರೆ.

ಯುಗಾದಿಯ ಧೂಳು

ನಮ್ಮದು ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಮ್ಮ ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕಿ, ಬ್ಲೌಸ್ ಹೊಲಿದುಕೊಡುತ್ತಾಳೆ. ಐದು ಜನಕ್ಕೆ ಎರಡು ಕೋಣೆ. ಬಟ್ಟೆ ಇಡಲು ಇರುವುದು ಎರಡೇ ಜಾಗ. ಒಂದು, ಅಮ್ಮನ ಮದುವೆಯಲ್ಲಿ ತವರಿನಿಂದ ಬಂದ ಕಬ್ಬಿಣದ ಬೀರು. ಇನ್ನೊಂದು, ಗೋಡೆಯಲ್ಲೇ ಕಡಪ ಕಲ್ಲು ಕೂರಿಸಿ ಮಾಡಿದ ಕಪಾಟು. ಇಂಥ ಕಪಾಟನ್ನು ಕರ್ನಾಟಕದ ಅರ್ಧಕ್ಕರ್ಧ ಬಾಡಿಗೆ ಮನೆಗಳಲ್ಲಿ ನೀವು ನೋಡಿರುತ್ತೀರಿ. ಕಪ್ಪು ಕಲ್ಲಿನ ಹಲಗೆಗಳು, ಮುಂದೆ ಬಣ್ಣ ಹೋದ ಎರಡು ಬಾಗಿಲು, ಸರಿಯಾಗಿ ಮುಚ್ಚದ ಒಂದು ಚಿಲಕ.

ಯುಗಾದಿಗೆ ಮನೆಯ ಧೂಳು ಹೊಡೆಯುವಾಗ ಮಂಚದ ಕೆಳಗಿನ ಟ್ರಂಕನ್ನು ಹೊರಗೆಳೆಯುವುದು ನನ್ನ ಪಾಲಿಗೆ ಬಂತು. ಅದರಲ್ಲಿ ಅಮ್ಮನ ಸೀರೆಗಳಿದ್ದವು. ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅವಳ ಧಾರೆ ಸೀರೆ. ಗಿಳಿಹಸಿರು ಮೈ, ಕುಂಕುಮ ಬಣ್ಣದ ಅಂಚು. ಮದುವೆ ಆಲ್ಬಂನಲ್ಲಿ ಅದನ್ನು ನೂರು ಸಲ ನೋಡಿದ್ದೆ, ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಕವರಿನಿಂದ ತೆಗೆದು ಮಡಿಕೆ ಬಿಡಿಸಿದೆ. ಮಡಿಕೆಯ ಗೆರೆಯ ಉದ್ದಕ್ಕೂ ರೇಷ್ಮೆ ಸದ್ದಿಲ್ಲದೆ ಬಿಟ್ಟುಕೊಂಡಿತು. ಸೆರಗಿನ ಮೇಲೆ ಬಿಳಿ ಬಿಳಿ ಬೂಷ್ಟು. ಜರಿ ಕಪ್ಪಾಗಿತ್ತು.

ಅಮ್ಮ ಬಂದು ನೋಡಿದಳು. ಬೈಯಲಿಲ್ಲ. ಒಂದು ಸಲ ಬೆರಳಿನಿಂದ ಜರಿ ಸವರಿ, ‘ಹೋಗ್ಲಿ ಬಿಡು. ನಾಕು ವರ್ಷ ಆಯ್ತು ಅದನ್ನ ತೆಗೀದೆ. ಎಲ್ಲಿ ಇಡೂದು, ಜಾಗ ಎಲ್ಲಿತ್ತು?’ ಎಂದು ಅಡುಗೆಮನೆಗೆ ಹೋದಳು.

ನಾಲ್ಕು ವರ್ಷದ ಹಿಂದೆ ಏನಾಗಿತ್ತು ಎಂದು ಲೆಕ್ಕ ಹಾಕಿದೆ. ನಾನು ಪಿಯುಸಿ ಸೇರಿದ್ದೆ. ‘ಯೂನಿಫಾರ್ಮ್ ಇಲ್ಲದ ಕಾಲೇಜು, ನಂಗೆ ಬಟ್ಟೆ ಇಡಕ್ಕೆ ಒಂದು ಪೂರ್ತಿ ಖಾನೆ ಬೇಕು’ ಎಂದು ಹಟ ಹಿಡಿದಿದ್ದೆ. ಬೀರುವಿನ ಆ ಖಾನೆ ಯಾರದ್ದಾಗಿತ್ತು ಎಂದು ಆಗ ನಾನು ಕೇಳಿರಲಿಲ್ಲ.

ಟೇಪು ಹೇಳಿದ ಸತ್ಯ

ಪರಿಚಯದ ಬಡಗಿಯೊಬ್ಬರನ್ನು ಅಪ್ಪ ಕರೆಸಿದರು. ಅವರು ಗೋಡೆಯನ್ನು ಅಳೆದು, ಪ್ಲೈವುಡ್ಡಿನ ಹೊಸ ವಾರ್ಡ್‌ರೋಬ್ ಮಾಡಲು 32 ಸಾವಿರ ಎಂದರು. ಅಪ್ಪ ‘ಆಯ್ತು, ಹೇಳ್ತೀನಿ’ ಎಂದರು. ನಮ್ಮ ಮನೆಯಲ್ಲಿ ಆ ಮಾತಿಗೆ ‘ಆಗುವುದಿಲ್ಲ’ ಎಂದು ಅರ್ಥ. ಮೇಲಾಗಿ ಬಾಡಿಗೆ ಮನೆ. ಗೋಡೆಗೆ ಒಂದೂ ಮೊಳೆ ಹೊಡೆಯಬಾರದು ಎಂಬುದು ಓನರ್ ಹಾಕಿದ ಮೊದಲ ಷರತ್ತು. ನಾಳೆ ಮನೆ ಬಿಟ್ಟರೆ 32 ಸಾವಿರ ಗೋಡೆಯಲ್ಲೇ ಉಳಿಯುತ್ತದೆ.

‘ನಾನೇ ಸರಿ ಮಾಡ್ತೀನಿ, ಸಾವಿರ ರೂಪಾಯಿ ಒಳಗೆ’ ಎಂದೆ. ಯಾರೂ ನಗಲಿಲ್ಲ, ಯಾರೂ ನಂಬಲೂ ಇಲ್ಲ.

ಮೊದಲು ಮಾಡಿದ್ದು ಅಳತೆ. ಬೀರುವಿನ ಖಾನೆಗಳು ಮತ್ತು ಗೋಡೆ ಕಪಾಟಿನ ಮೇಲಿನ ಮೂರು ಖಾನೆಗಳು ಸೇರಿ, ಬಟ್ಟೆ ಮಡಚಿ ಇಡಲು ಒಟ್ಟು 216 ಇಂಚು ಉದ್ದದ ಜಾಗ ಇತ್ತು. ಅಮ್ಮನ ಹೊಲಿಗೆ ಟೇಪಿನಲ್ಲೇ ಯಾರ ಬಟ್ಟೆ ಎಷ್ಟು ಇಂಚು ಕೂತಿದೆ ಎಂದು ಅಳೆದು ಬರೆದೆ. ನನ್ನದು 62 ಇಂಚು. ತಮ್ಮನದು 46. ಅಪ್ಪನದು 30. ಅಜ್ಜಿಯದು 24. ಹಳೆಯ ಕಾಗದಪತ್ರಗಳದ್ದು 40. ಅಮ್ಮನದು 14.

ಬೀರು ಬಂದದ್ದೇ ಅವಳ ತವರಿನಿಂದ. ಅದರಲ್ಲಿ ಅವಳಿಗಿಂತ 2008ನೇ ಇಸವಿಯ ಕರೆಂಟ್ ಬಿಲ್ಲುಗಳಿಗೆ ಹೆಚ್ಚು ಜಾಗ ಇತ್ತು.

ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಯಾರೂ ಏನೂ ಹೇಳಲಿಲ್ಲ. ಮರುದಿನ ಮಂಡಿಯಿಂದ ಬಂದ ಅಪ್ಪ, ಅಂಗಿಯನ್ನೂ ಬಿಚ್ಚದೆ, ಕಾಗದದ ಕಟ್ಟುಗಳನ್ನು ಕೆಳಗೆ ಹಾಕಿಕೊಂಡು ಕೂತರು. ಊಟದ ಹೊತ್ತಿಗೆ 40 ಇಂಚಿನ ಕಾಗದ ಒಂದು ಬಾಕ್ಸ್ ಫೈಲಿಗೆ ಇಳಿದಿತ್ತು. ಉಳಿದದ್ದು ಬಚ್ಚಲೊಲೆಗೆ ಹೋಯಿತು.

ಈಗ ನನ್ನ ಸರದಿ. ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಸುರಿದೆ. 61 ಇದ್ದವು. ಕಳೆದ ಒಂದು ವರ್ಷದಲ್ಲಿ ಒಮ್ಮೆಯೂ ಹಾಕದೇ ಇದ್ದದ್ದು 23. ಜಪಾನಿನ ಮೇರಿ ಕಾಂಡೋ ಗೊತ್ತಲ್ಲ, ಮನೆ ಓರಣ ಮಾಡುವುದನ್ನೇ ಪ್ರಪಂಚಕ್ಕೆ ಕಲಿಸಿದವರು, 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲೂ ಬಂದರು. ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು ನೋಡಿ, ಖುಷಿ ಕೊಡದಿದ್ದರೆ ಬೀಳ್ಕೊಡಿ ಎಂಬುದು ಅವರ ಸೂತ್ರ. ಅಜ್ಜಿಗೆ ಅದನ್ನು ವಿವರಿಸಿದೆ. ಅಜ್ಜಿ ನನ್ನ ಹಳೆ ಟೀ ಶರ್ಟೊಂದನ್ನು ಹಿಡಿದು ನೋಡಿ, ‘ಖುಷಿ ಎಂತದೂ ಕೊಡೂದಿಲ್ಲ. ಆದ್ರೆ ನೆಲ ಒರೆಸಕ್ಕೆ ಲಾಯ್ಕಿದೆ’ ಎಂದು ಬದಿಗೆ ಇಟ್ಟುಕೊಂಡರು. ಹೀಗೆ ಒಂಬತ್ತು ಬಟ್ಟೆ ಒರಸುಬಟ್ಟೆಯಾದವು. ಚೆನ್ನಾಗಿದ್ದ 14 ಚಿಕ್ಕಮ್ಮನ ಮಗಳಿಗೆ ಹೋದವು.

ಇದನ್ನು ಯಾಕೆ ಇಷ್ಟುದ್ದ ಹೇಳುತ್ತಿದ್ದೇನೆಂದರೆ, ಒಂದೇ ಒಂದು ಸ್ಕ್ರೂ ತಿರುಗಿಸುವ ಮೊದಲೇ ನಮಗೆ ಹೆಚ್ಚುಕಡಿಮೆ ಒಂದು ಖಾನೆಯಷ್ಟು ಜಾಗ ಸಿಕ್ಕಿತ್ತು. ಖರ್ಚು ಸೊನ್ನೆ.

ದಂಡದ ಪ್ರಸಂಗ

ಗೋಡೆ ಕಪಾಟಿನ ಸಮಸ್ಯೆ ಅದರ ಅಳತೆಯಲ್ಲೇ ಇದೆ. ನಮ್ಮದು 4 ಅಡಿ ಅಗಲ, 20 ಇಂಚು ಆಳ. ಕೆಳಗಿನ ಖಾನೆ 39 ಇಂಚು ಎತ್ತರ, ಅದರಲ್ಲಿ ಹಾಸಿಗೆ, ಕಂಬಳಿ ಒಟ್ಟಿದ್ದೆವು. ಮೇಲಿನ ಮೂರು ಖಾನೆಗಳು ತಲಾ 15 ಇಂಚು. ಈ 15 ಇಂಚು ಎನ್ನುವುದು ಬಹಳ ಕಿರಿಕಿರಿಯ ಅಳತೆ. ಬಟ್ಟೆ ನೇತುಹಾಕಲು ಸಾಲದು, ಮಡಚಿ ಇಡಲು ಹೆಚ್ಚು. 15 ಇಂಚು ಎತ್ತರಕ್ಕೆ ಒಟ್ಟಿದ ಬಟ್ಟೆಯಲ್ಲಿ ಅಡಿಯದೊಂದನ್ನು ಎಳೆದರೆ ಗೋಪುರವೇ ಕುಸಿಯುತ್ತದೆ. ಅದು ಕುಸಿಯದಿರಲೆಂದು ಮೇಲಿನ ಅರ್ಧ ಖಾಲಿ ಬಿಟ್ಟರೆ ಜಾಗ ದಂಡ.

ಕೆಳಗಿನ ಖಾನೆಯ ಹಾಸಿಗೆಗಳನ್ನು ಹಳೆ ಬೆಡ್‌ಶೀಟಿನಲ್ಲಿ ಗಂಟುಕಟ್ಟಿ ಸಜ್ಜಾದ ಮೇಲೆ ಹಾಕಿದೆ. ಖಾಲಿಯಾದ 39 ಇಂಚಿನಲ್ಲಿ ಅಂಗಿ, ಪ್ಯಾಂಟು ನೇತುಹಾಕಬಹುದು. ಮೊಳೆ ಹೊಡೆಯುವಂತಿಲ್ಲವಲ್ಲ, ಹಾಗಾಗಿ ಆನ್‌ಲೈನಿನಲ್ಲಿ 379 ರೂಪಾಯಿ ಕೊಟ್ಟು ಸ್ಪ್ರಿಂಗ್ ದಂಡ ತರಿಸಿದೆ. ಎರಡು ಗೋಡೆಗಳ ನಡುವೆ ಒತ್ತಿ ಕೂರಿಸಿದರೆ ಸಾಕು, ನಿಂತುಕೊಳ್ಳುತ್ತದೆ. ನಿಂತಿತು ಕೂಡ, ಒಂಬತ್ತು ಗಂಟೆ ಕಾಲ.

ಬಿದ್ದ ಮಾರನೆಯ ದಿನ ನೋಟ್‌ಬುಕ್ ತೆಗೆದು ಕೂತೆ. ನಾಚಿಕೆಯ ಸಂಗತಿ ಏನೆಂದರೆ, ಇದೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ವಿಷಯವೇ. ಅಪ್ಪ ಮಂಡಿಯಿಂದ ತಂದ ಕೊಕ್ಕೆ ತಕ್ಕಡಿಯಲ್ಲಿ ತೂಗಿದಾಗ 18 ಬಟ್ಟೆಗಳು 11 ಕೆ.ಜಿ. ಬಂದವು. ಒಂದು ಜೀನ್ಸ್ ಪ್ಯಾಂಟೇ ಮುಕ್ಕಾಲು ಕೆ.ಜಿ. ಹತ್ತಿರ ತೂಗುತ್ತದೆ. ಅಂದರೆ ದಂಡದ ಒಂದೊಂದು ತುದಿಯೂ ಐದೂವರೆ ಕೆ.ಜಿ. ಹೊರಬೇಕು. ಹೊರುವುದು ಯಾವುದರ ಬಲದಿಂದ? ಬರೀ ಘರ್ಷಣೆಯಿಂದ. ರಬ್ಬರು ಮತ್ತು ಗೋಡೆಯ ನಡುವಿನ ಘರ್ಷಣಾಂಕ 0.4 ಎಂದು ಹಿಡಿದರೆ, ಸ್ಪ್ರಿಂಗು ಎರಡೂ ಗೋಡೆಯನ್ನು ಸುಮಾರು 14 ಕೆ.ಜಿ. ಬಲದಿಂದ ಸದಾ ಒತ್ತುತ್ತಲೇ ಇರಬೇಕು. ನಮ್ಮ ಗೋಡೆಗೋ ಮುಟ್ಟಿದರೆ ಕೈಗೆ ಪುಡಿ ಹತ್ತುವ ಹಳೆ ಡಿಸ್ಟೆಂಪರ್. ಪುಡಿಯ ಮೇಲೆ ಘರ್ಷಣೆ ಎಲ್ಲಿಂದ ಬರಬೇಕು?

ಎರಡನೆಯ ತಪ್ಪು ಉದ್ದದ್ದು. ಅಡಿಗೆ ಇಂತಿಷ್ಟು ತೂಕ ಎಂಬಂತೆ ಭಾರ ಹರಡಿದ್ದಾಗ, ದಂಡದ ಉದ್ದ ಎರಡರಷ್ಟಾದರೆ ನಡುವೆ ಅದು ಜಗ್ಗುವುದು ಎರಡರಷ್ಟಲ್ಲ, 16ರಷ್ಟು. ಎರಡು ಅಡಿ ಉದ್ದಕ್ಕೆ ಗಟ್ಟಿಯಾಗಿ ಕಾಣುವ ದಂಡ ನಾಲ್ಕು ಅಡಿಗೆ ಬಿಲ್ಲಾಗುತ್ತದೆ. ನಡು ಜಗ್ಗಿದಾಗ ತುದಿಗಳು ವಾಲುತ್ತವೆ, ರಬ್ಬರು ಪೂರ್ತಿ ಗೋಡೆಗೆ ಕೂರುವುದಿಲ್ಲ, ಜಾರುತ್ತದೆ. ರಾತ್ರಿ ಎರಡೂ ಕಾಲಿಗೆ ಆದದ್ದು ಇಷ್ಟೇ. ಸ್ಪ್ರಿಂಗ್ ದಂಡಕ್ಕೆ ಕೊಟ್ಟ 379 ರೂಪಾಯಿ ಹೆಸರಿಗೆ ತಕ್ಕಂತೆ ದಂಡವಾಯಿತು. (ಕರ್ಟನ್, ಟವೆಲ್ಲಿನಂಥ ಹಗುರದ ಬಟ್ಟೆಗೆ, ಟೈಲ್ಸ್ ಗೋಡೆಗೆ ಅದು ಅಡ್ಡಿಯಿಲ್ಲ. ನಮ್ಮದು ಈಗ ಬಚ್ಚಲಿನಲ್ಲಿ ಟವೆಲ್ ಹೊತ್ತು ಸುಖವಾಗಿದೆ.)

ಭಾರ ನೆಲಕ್ಕೆ ಇಳಿಯಲಿ

ಊರಿನ ಹಳೆಮನೆಯಲ್ಲಿ ತೊಲೆಯ ಭಾರ ಗೋಡೆಗೆ ಅಂಟಿಕೊಂಡು ನಿಲ್ಲುವುದಿಲ್ಲ, ಕಂಬದ ಮೂಲಕ ನೆಲಕ್ಕೆ ಇಳಿಯುತ್ತದೆ. ‘ಕಂಬ ಇಲ್ದೆ ತೊಲೆ ಕೂರ್ಸಿದ್ಯನೇ?’ ಎಂದು ಅಜ್ಜಿ ಕೇಳಿದ ಒಂದು ಪ್ರಶ್ನೆಯಲ್ಲಿ ನನ್ನ ಇಡೀ ಲೆಕ್ಕಾಚಾರ ಇತ್ತು.

ಹೊಸ ವಿನ್ಯಾಸ ಫುಟ್‌ಬಾಲಿನ ಗೋಲ್‌ಪೋಸ್ಟಿನ ಹಾಗೆ. ಬಡಗಿ ಅಂಗಡಿಯಲ್ಲಿ ಕತ್ತರಿಸಿ ಉಳಿದ ಪ್ಲೈ ತುಂಡುಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. 18 ಮಿ.ಮೀ. ದಪ್ಪದ, 6 ಇಂಚು ಅಗಲದ, 3 ಅಡಿ ಉದ್ದದ ಎರಡು ಪಟ್ಟಿ ಆರಿಸಿದೆ. ಅವು ಕಂಬಗಳು. ತಲೆಯಲ್ಲಿ ಪೈಪು ಕೂರುವಷ್ಟು ಅರ್ಧಚಂದ್ರಾಕಾರದ ಕಚ್ಚು ಹಾಕಿಸಿದೆ. ಬುಡದಲ್ಲಿ ಕಂಬಗಳು ಒಳಗೆ ಜಾರದಂತೆ ಅಡ್ಡಕ್ಕೊಂದು ಪಟ್ಟಿ, ಎಲ್ ಆಕಾರದ ಕ್ಲ್ಯಾಂಪು, ಸ್ಕ್ರೂ. ಹೊರಗೆ ಜಾರಲು ಗೋಡೆಯೇ ಬಿಡುವುದಿಲ್ಲ. ಒಂದೂ ಮೊಳೆ ಗೋಡೆಗೆ ಬೀಳಲಿಲ್ಲ. ಮನೆ ಬಿಡುವಾಗ ಬಿಚ್ಚಿ ಹೊತ್ತುಕೊಂಡು ಹೋಗಬಹುದು.

ಗುಜರಿ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಹಳೆ ಜಿಐ ಪೈಪಿನ 4 ಅಡಿ ತುಂಡು ಸಿಕ್ಕಿತು. ಉಪ್ಪು ಕಾಗದದಲ್ಲಿ ಉಜ್ಜಿ ಒರೆಸಿದೆ. ಹಳೆ ಪೈಪಿನ ತುಕ್ಕು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಅದಕ್ಕೆ ಮೇಲೊಂದು ಪಿವಿಸಿ ಪೈಪಿನ ತೋಳು ತೊಡಿಸಿದೆ. ಅದು ಮನೆಯಲ್ಲೇ ಬಿದ್ದಿತ್ತು. ಒಂದು ಚಿಕ್ಕ ಜಾಗ್ರತೆ: ಹ್ಯಾಂಗರಿನ ಅಗಲ ಸುಮಾರು 17 ಇಂಚು, ಕಪಾಟಿನ ಆಳ 20. ಪೈಪನ್ನು ಸರಿ ನಡುವೆ ಇಡದೆ ಅರ್ಧ ಇಂಚು ಮುಂದಕ್ಕೆ ಇಟ್ಟೆ. ಹಾಗಾಗಿ ಬಟ್ಟೆಗೂ ಹಿಂದಿನ ಗೋಡೆಗೂ ನಡುವೆ 2 ಇಂಚು ಸಂದು ಉಳಿಯಿತು. ಆ 2 ಇಂಚು ಎಷ್ಟು ಮುಖ್ಯ ಎಂದು ಮಳೆಗಾಲ ಬಂದಾಗ ತಿಳಿಯಿತು.

ಮೇಲಿನ 15 ಇಂಚಿನ ಖಾನೆಗಳಿಗೆ ದಾರಿ ತೋರಿಸಿದ್ದು ಅಡುಗೆಮನೆಯ ಊಟದ ಮಣೆ. ಕಾಲು ಉದ್ದ ಇರುವ ಮಣೆಯೊಂದನ್ನು ಖಾನೆಯೊಳಗೆ ಇಟ್ಟರೆ ಒಂದು ಖಾನೆ ಎರಡಾಗುತ್ತದೆ, ಕೆಳಗೆ 7 ಇಂಚು, ಮೇಲೆ 7 ಇಂಚು. ಕಪಾಟಿನೊಳಗೊಂದು ಅಟ್ಟ. 12 ಮಿ.ಮೀ. ಪ್ಲೈ ತುಂಡುಗಳಿಂದ ಅಂಥ ನಾಲ್ಕು ಮಣೆ ಮಾಡಿದೆ. ಒಂದೊಂದೂ 22 ಇಂಚು ಉದ್ದ, 14 ಇಂಚು ಅಗಲ. ಇಲ್ಲೂ ಆ 16 ಪಟ್ಟಿನ ಪಾಠ ಮರೆಯಲಿಲ್ಲ. ನಾಲ್ಕು ಅಡಿಯ ಒಂದೇ ಮಣೆ ಮಾಡಿದ್ದರೆ ನಡು ಜಗ್ಗುತ್ತಿತ್ತು, ಎರಡು ಚಿಕ್ಕವು ಜಗ್ಗುವುದಿಲ್ಲ.

ಪ್ಲೈ ಕೊಳ್ಳುವಾಗ ಅಂಚಿನಲ್ಲೋ ಮೈಮೇಲೋ ಒತ್ತಿದ ಮುದ್ರೆ ನೋಡಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲೂ ಎಂಆರ್ ಎಂದಿದ್ದರೆ ತೇವವನ್ನಷ್ಟೇ ತಡೆಯುವುದು, ಬಿಡಬ್ಲ್ಯೂಆರ್ ಎಂದಿದ್ದರೆ ನೀರಿಗೂ ಸ್ವಲ್ಪ ಜಗ್ಗದ್ದು. ಐಎಸ್ 710 ಎಂದಿದ್ದರೆ ಮರೈನ್ ಪ್ಲೈ. ಮಲೆನಾಡು, ಕರಾವಳಿಯವರು ತುಂಡು ಕೊಂಡರೂ ಎಂಆರ್ ಬಿಟ್ಟು ಉಳಿದದ್ದು ಹುಡುಕುವುದು ಒಳ್ಳೆಯದು. ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಬಳಿಯಲೇಬೇಕು, ನೀರು ಕುಡಿಯುವುದೇ ಅಲ್ಲಿಂದ. ಬಳಿದ ಮೇಲೆ ವಾರ ಕಾಲ ಬಿಸಿಲಿಗಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಬಟ್ಟೆ ಇಡಿ.

ಆರಿದ್ರಾ ಮಳೆಯ ಪರೀಕ್ಷೆ

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಯೂಟ್ಯೂಬ್ ಬಿಡಬೇಕಲ್ಲ? ರಟ್ಟಿನ ಡಬ್ಬಗಳಿಗೆ ಬಣ್ಣದ ಕಾಗದ ಅಂಟಿಸಿ ಒಳಉಡುಪು, ಸಾಕ್ಸು, ವೇಲುಗಳಿಗೆ ಡ್ರಾಯರ್ ಮಾಡುವ ವಿಡಿಯೊಗಳನ್ನು ನೋಡಿ ನಾನೂ ಎಂಟು ಡಬ್ಬ ಮಾಡಿದೆ. ದಿನಸಿ ಅಂಗಡಿಯ ಖಾಲಿ ರಟ್ಟು, ಮೈದಾ ಅಂಟು, ಪೈಸೆ ಖರ್ಚಿಲ್ಲ. ನೋಡಲು ಎಷ್ಟು ಚೆಂದ!

ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿಯಿತು. ಒಂದು ವಾರ ಬಿಸಿಲೇ ಇಲ್ಲ. ಎಂಟನೆಯ ದಿನ ಡಬ್ಬ ಎಳೆದರೆ ಅದು ನೆನೆದ ಹಪ್ಪಳದ ಹಾಗೆ ಕೈಗೆ ಬಂತು. ಒಳಗೆ ಬೆಳ್ಳಿ ಬಣ್ಣದ ಹುಳಗಳು ಸರಸರ ಓಡಿದವು. ಸಿಲ್ವರ್‌ಫಿಶ್ ಎನ್ನುವ ಈ ಹುಳಕ್ಕೆ ಹಿಟ್ಟಿನ ಅಂಶ, ಕಾಗದ, ಗಂಜಿ ಹಾಕಿದ ಬಟ್ಟೆ ಅಂದರೆ ಪ್ರಾಣ. ನಾನು ಮೈದಾ ಬಳಿದು ಅವುಗಳಿಗೆ ಅನ್ನಛತ್ರ ತೆರೆದಿದ್ದೆ.

ಬೇರೆ ದೇಶದ ಒಣ ಹವೆಗೆ ಹೇಳಿದ ಉಪಾಯ ನಮ್ಮ ಮಳೆಗೆ ಆಗಬೇಕೆಂದಿಲ್ಲ ಎಂಬುದು ಆಗ ಅರ್ಥವಾಯಿತು. ನಮ್ಮ ಕಡೆ ಕಪಾಟಿನ ಮೊದಲ ಶತ್ರು ಜಾಗದ ಕೊರತೆಯಲ್ಲ, ತೇವ. ಹೊರಗೋಡೆ ಮಳೆಗೆ ತಂಪಾಗುತ್ತದೆ, ಕಪಾಟಿನೊಳಗಿನ ಗಾಳಿಯ ತೇವ ಆ ತಂಪು ಗೋಡೆಯ ಮೇಲೆ ಕೂರುತ್ತದೆ. ಬಟ್ಟೆ ಗೋಡೆಗೆ ಒತ್ತಿಕೊಂಡಿದ್ದರೆ ಅಲ್ಲೇ ಬೂಷ್ಟು. ನೇತುಹಾಕಿದ ಬಟ್ಟೆಗಳ ಹಿಂದೆ 2 ಇಂಚು ಸಂದು ಬಿಟ್ಟಿದ್ದರಿಂದ ಅವುಗಳಿಗೆ ಏನೂ ಆಗಲಿಲ್ಲ. ಮೇಲಿನ ಖಾನೆಯಲ್ಲಿ ಗೋಡೆಗೆ ಒತ್ತಿದ್ದ ತಮ್ಮನ ಜರ್ಕಿನ್ನಿಗೆ ಮಾತ್ರ ಹಸಿರು ಗಡ್ಡ ಬಂದಿತ್ತು.

ಈಗ ಎಲ್ಲ ಖಾನೆಗಳ ಹಿಂಬದಿಗೂ ಒಂದೊಂದು ಪಿವಿಸಿ ಪೈಪಿನ ತುಂಡು ಅಡ್ಡ ಇಟ್ಟಿದ್ದೇನೆ, ಬಟ್ಟೆ ಅದರಾಚೆ ಹೋಗದಂತೆ. ರಟ್ಟಿನ ಜಾಗಕ್ಕೆ ತೂತಿರುವ ಪ್ಲಾಸ್ಟಿಕ್ ಬುಟ್ಟಿಗಳು ಬಂದಿವೆ, ಸಂತೆಯಲ್ಲಿ ಒಂದಕ್ಕೆ 40 ರೂಪಾಯಿ. ಇದ್ದಿಲನ್ನು ಹಳೆ ಸಾಕ್ಸಿನಲ್ಲಿ ಕಟ್ಟಿ ಮೂಲೆಯಲ್ಲಿಟ್ಟಿದ್ದೇನೆ, ತೇವ ಹೀರಿಕೊಳ್ಳಲಿ ಎಂದು. ಬಿಸಿಲು ಬಂದ ದಿನ ಅದನ್ನೂ ಒಣಗಿಸಿ ಮತ್ತೆ ಇಡುವುದು. ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ಎರಡು ಗಂಟೆ ತೆರೆದಿಡುವುದು ತಮ್ಮನ ಕೆಲಸ. ಎಲ್ಲಕ್ಕಿಂತ ದೊಡ್ಡ ನಿಯಮ, ‘ಹೆಚ್ಚುಕಡಿಮೆ ಒಣಗಿದೆ’ ಎಂಬ ಬಟ್ಟೆಗೆ ಒಳಗೆ ಪ್ರವೇಶವಿಲ್ಲ.

ನನ್ನ ಎರಡು ಹಳೆ ಜೀನ್ಸಿನ ಜೇಬುಗಳನ್ನು ಅಮ್ಮ ದಪ್ಪ ಬಟ್ಟೆಯ ಮೇಲೆ ಸಾಲಾಗಿ ಹೊಲಿದುಕೊಟ್ಟಳು. ಬಾಗಿಲಿಗೆ ಮೊಳೆ ಹೊಡೆಯಲು ಓನರ್ ಒಪ್ಪಿದರು. ಬಾಚಣಿಗೆ, ಬೆಲ್ಟು, ಕೀಲಿಕೈ, ತಮ್ಮನ ಇಯರ್‌ಫೋನು ಎಲ್ಲಕ್ಕೂ ಈಗ ವಿಳಾಸವಿದೆ.

ಲೆಕ್ಕ ಚುಕ್ತಾ

ಮಂಡಿ ಲೆಕ್ಕದವರ ಮಗಳು, ಲೆಕ್ಕ ಒಪ್ಪಿಸದಿದ್ದರೆ ಹೇಗೆ? ಪ್ಲೈ ತುಂಡುಗಳು 250 ರೂಪಾಯಿ. ಜಿಐ ಪೈಪು 120. ಸ್ಕ್ರೂ, ಕ್ಲ್ಯಾಂಪು 90. ಉಪ್ಪು ಕಾಗದ 30. ವಾರ್ನಿಷ್ ಚಿಕ್ಕ ಡಬ್ಬಿ 140. ಆರು ಬುಟ್ಟಿ 240. ಒಂದು ಡಜನ್ ಹ್ಯಾಂಗರ್ 120. ಒಟ್ಟು 990. ಗರಗಸ, ಸ್ಕ್ರೂಡ್ರೈವರ್ ಪಕ್ಕದ ಮನೆಯವರದ್ದು. ಸ್ಪ್ರಿಂಗ್ ದಂಡದ 379 ಸೇರಿಸಿದರೆ 1,369. ಅದನ್ನು ನಾನು ‘ಟ್ಯೂಷನ್ ಫೀ’ ಎಂದು ಬೇರೆ ಖಾತೆಯಲ್ಲಿ ಬರೆದಿದ್ದೇನೆ, ಅಪ್ಪ ಒಪ್ಪಿಲ್ಲ.

ಹಾಸ್ಟೆಲ್, ಪಿ.ಜಿ.ಯಲ್ಲಿರುವ ಗೆಳೆಯ ಗೆಳತಿಯರಿಗೆ ಇಷ್ಟು ಹೇಳಬಲ್ಲೆ. ಮೊದಲು ಕೊಳ್ಳಬೇಡಿ, ಎಣಿಸಿ. ಆಮೇಲೆ ಅಳೆಯಿರಿ, ಅಗಲವನ್ನಷ್ಟೇ ಅಲ್ಲ, ಎತ್ತರ ಮತ್ತು ಆಳವನ್ನೂ. ಟೀ ಶರ್ಟುಗಳನ್ನು ಒಂದರ ಮೇಲೊಂದು ಒಟ್ಟದೆ, ಪುಸ್ತಕದ ಹಾಗೆ ಬುಟ್ಟಿಯಲ್ಲಿ ನಿಲ್ಲಿಸಿ, ಬೇಕಾದ್ದು ಕಣ್ಣಿಗೆ ಬೀಳುತ್ತದೆ, ಎಳೆದರೆ ಉಳಿದದ್ದು ಬೀಳುವುದಿಲ್ಲ. ಭಾರದ್ದನ್ನು ಕೆಳಗಿಡಿ. ಏನು ಕಟ್ಟಿದರೂ ಅದರ ಭಾರ ಎಲ್ಲಿಗೆ ಇಳಿಯುತ್ತದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವೇ ನೋಡಿ. ಸಾಧ್ಯವಾಗದಿದ್ದರೆ ರಾತ್ರಿ ಎರಡೂ ಕಾಲಿಗೆ ಅದು ತಾನೇ ತೋರಿಸುತ್ತದೆ.

ನಡುವಿನ ಖಾನೆ

ಕೈಗೆಟಕುವ ನಡುವಿನ ಖಾನೆ, ಪೂರ್ತಿ 48 ಇಂಚು, ಅಮ್ಮನದು. ಟ್ರಂಕಿನ 27 ಸೀರೆಗಳು ಅಲ್ಲಿಗೆ ಬಂದವು. ಮಡಚುವ ಕೆಲಸ ಅಜ್ಜಿ ವಹಿಸಿಕೊಂಡರು. ರೇಷ್ಮೆಯನ್ನು ಪ್ಲಾಸ್ಟಿಕ್ಕಿನಲ್ಲಿ ಇಡಬಾರದು, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಒಗೆದು ಮೆತ್ತಗಾದ ಹತ್ತಿ ಪಂಚೆಯಲ್ಲಿ ಸುತ್ತಬೇಕು. ಭಾರದ ಜರಿಯ ಸೀರೆ ನೇತುಹಾಕಬಾರದು, ಮಲಗಿಸಿಡಬೇಕು. ಎರಡು ಮೂರು ತಿಂಗಳಿಗೊಮ್ಮೆ ತೆಗೆದು, ಗಾಳಿಗೆ ಹಿಡಿದು, ಮಡಿಕೆಯ ಗೆರೆ ಬದಲಿಸಬೇಕು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಕೂತರೆ ಎಳೆ ಅಲ್ಲೇ ತುಂಡಾಗುತ್ತದೆ. ನುಸಿಗುಳಿಗೆ ಹಾಕುವುದಾದರೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ದೂರ ಇಡಬೇಕು. ಇದೆಲ್ಲ ಅಜ್ಜಿಗೆ ಮೊದಲಿನಿಂದ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಗೊತ್ತಿರುವುದನ್ನು ಮಾಡಲು ಜಾಗ ಬೇಕಲ್ಲ.

ಧಾರೆ ಸೀರೆ ಸರಿಯಾಗಲಿಲ್ಲ. ಬೂಷ್ಟು ಬ್ರಷ್ಷಿನಲ್ಲಿ ಹೋಯಿತು, ಹರಿದ ಗೆರೆ ಹಾಗೇ ಇದೆ. ರಫು ಮಾಡುವವರಿಗೆ ತೋರಿಸಿದೆವು. ಎಳೆಯೇ ಸತ್ತಿದೆ, ಸೂಜಿ ಹಾಕಿದರೆ ಪಕ್ಕದಲ್ಲಿ ಬಿಡುತ್ತದೆ ಎಂದರು. ಅದನ್ನು ಕತ್ತರಿಸಿ ದಿಂಬಿನ ಕವರೋ ಬ್ಲೌಸೋ ಮಾಡೋಣವೆಂದೆ. ಅಮ್ಮ ಕೊಡಲಿಲ್ಲ. ಹರಿದದ್ದನ್ನು ಹಾಗೇ ಪಂಚೆಯಲ್ಲಿ ಸುತ್ತಿ ಖಾನೆಯ ಎಡಮೂಲೆಯಲ್ಲಿ ಇಟ್ಟಿದ್ದಾಳೆ. ನಾನೂ ಮತ್ತೆ ಕೇಳಿಲ್ಲ.

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಅಮ್ಮ ಕಪಾಟಿನ ಬಾಗಿಲು ತೆರೆದು ನಿಂತಿದ್ದಳು. ಪ್ರತಿ ವರ್ಷ ಮಂಚದಡಿಗೆ ಬಗ್ಗಿ ಟ್ರಂಕು ಎಳೆಯುವ ಕಷ್ಟಕ್ಕೆ, ಬೀರುವಿನಲ್ಲಿ ಕೈಗೆ ಸಿಕ್ಕ ಅದೇ ನೀಲಿ ಸೀರೆ ಉಟ್ಟು ಮುಗಿಸುತ್ತಿದ್ದವಳು. ಆ ದಿನ ಒಂದೊಂದೇ ಗಂಟು ಮುಟ್ಟುತ್ತ ಐದು ನಿಮಿಷ ನಿಂತಳು. ‘ತಡ ಆಯ್ತು ಕಣೇ, ಯಾವುದು ಉಡೂದು ಅಂತ ಗೊತ್ತಾಗ್ತಿಲ್ಲ’ ಎಂದಳು. ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕೊನೆಗೆ ಅರಿಶಿನ ಬಣ್ಣದ್ದು ತೆಗೆದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕಳೆದ ವಾರ ಕಾಲೇಜಿನಿಂದ ಬಂದು ನೋಡಿದರೆ ಅಮ್ಮನ ಖಾನೆಯ ಬಲತುದಿಯಲ್ಲಿ ನನ್ನ ಎರಡು ಕುರ್ತಾ, ತಮ್ಮನ ಸ್ವೆಟರು, ಅಪ್ಪನ ಹೊಸ ಪಂಚೆ ಒತ್ತೊತ್ತಾಗಿ ಕೂತಿದ್ದವು. ‘ಅಲ್ಲಿ ಜಾಗ ಸಾಲ್ತಿರ್ಲಿಲ್ಲ, ನನ್ನದ್ರಲ್ಲಿ ಖಾಲಿ ಇತ್ತಲ್ಲ ಅಂತ ಇಟ್ಟೆ’ ಎಂದಳು ಅಮ್ಮ, ತಪ್ಪು ಮಾಡಿದವಳ ಹಾಗೆ.

ಟೇಪು ತಂದು ಅಳೆದೆ. ಒತ್ತುವರಿ 11 ಇಂಚು. ಎಲ್ಲವನ್ನೂ ತೆಗೆದು ಅವರವರ ಜಾಗಕ್ಕೆ ಹಾಕಿದೆ. ಈಗ ಪ್ರತಿ ಭಾನುವಾರ ಸರ್ವೆ ನಡೆಯುತ್ತದೆ.